‘ಅಪಾರ ಬಂಧು ಬಳಗ’ ಅಗಲಿದ ಆಯಿ ಮಾಡಿದ್ದಾದರೂ ಏನು?

ನಿಧನ ವಾರ್ತೆಯ ಕೊನೆಯ ಸಾಲು ನಮಗೆಲ್ಲ ಬಾಯಿಪಾಠ. ‘ಮೃತರು ಇಬ್ಬರು ಪುತ್ರರು, ಮೂವರು ಪುತ್ರಿಯರು, ಮೊಮ್ಮಕ್ಕಳು ಸೇರಿದಂತೆ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’ ಸಂಖ್ಯೆ ಬದಲಾಗುತ್ತದೆ, ಸಾಲು ಬದಲಾಗುವುದಿಲ್ಲ.

ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಯಾವ ತಾಲ್ಲೂಕಿನವರೇ ಇರಲಿ, ನನ್ನಂಥ ಬಿಡಿ ವರದಿಗಾರರ ವಾಟ್ಸ್‌ಆ್ಯಪ್‌ಗೆ ಸಂಜೆ ಹೊತ್ತಿಗೆ ಇಂಥ ಒಂದೆರಡು ಸಂದೇಶ ಬಂದೇ ಬರುತ್ತವೆ. ಆಧಾರ್ ಕಾರ್ಡಿನಿಂದ ಕತ್ತರಿಸಿದ ಫೋಟೋ, ಹೆಸರು, ವಯಸ್ಸು, ಅಂತ್ಯಕ್ರಿಯೆಯ ಹೊತ್ತು. ತೀರಿಕೊಂಡವರು ಗಂಡಸಾಗಿದ್ದರೆ ಮೊದಲ ಸಾಲಿಗೆ ಏನಾದರೂ ಸಿಗುತ್ತದೆ: ಪ್ರಗತಿಪರ ರೈತ, ಸೊಸೈಟಿಯ ಮಾಜಿ ನಿರ್ದೇಶಕ, ಗ್ರಾಮ ಪಂಚಾಯಿತಿ ಮಾಜಿ ಸದಸ್ಯ. ತೊಂಬತ್ತು ದಾಟಿದ ಹೆಣ್ಣುಮಗಳಾಗಿದ್ದರೆ ‘ನಿವೃತ್ತ ಶಿಕ್ಷಕ ಇಂಥವರ ತಾಯಿ’. ಅಲ್ಲಿಗೆ ಮುಗಿಯಿತು. ಮಗನ ನೌಕರಿ, ಮೊಮ್ಮಗನ ಹುದ್ದೆ ಎಲ್ಲ ಬರುತ್ತದೆ. ಆಕೆಯ ತೊಂಬತ್ತು ವರ್ಷ ಮಾತ್ರ ಬರುವುದಿಲ್ಲ.

ಆಕೆ ಏನೂ ಮಾಡಿರಲಿಲ್ಲವೇ? ಊರಿಗೆ ಹೋಗಿ ಕೇಳಿ. ಅರ್ಧ ಓಣಿಯ ಹೆರಿಗೆ ಆಕೆಯ ಕೈಯಲ್ಲೇ ಆಗಿರುತ್ತದೆ. ಬರಗಾಲದಲ್ಲಿ ಹಗೇವಿನ ಜೋಳ ತೆಗೆದು ಪಕ್ಕದ ಮನೆಯವರಿಗೆ ಅಳೆದುಕೊಟ್ಟವಳು ಆಕೆಯೇ ಇರಬಹುದು. ಗಂಡ ಕುಡಿದು ಬಡಿದಾಗ ಓಡಿಬಂದ ಸೊಸೆಯಂದಿರಿಗೆ ರಾತ್ರಿ ಬಾಗಿಲು ತೆರೆದದ್ದು, ಅಣ್ಣತಮ್ಮಂದಿರ ಬಾಂದಿನ ಜಗಳ ಕೋರ್ಟಿಗೆ ಹೋಗದಂತೆ ಅಂಗಳದಲ್ಲೇ ಮುಗಿಸಿದ್ದು, ಮದುವೆ ಮನೆಯ ಐನೂರು ರೊಟ್ಟಿಗೆ ಯಾರ ಮನೆಯಿಂದ ಎಷ್ಟು ಹಿಟ್ಟು ಬರಬೇಕೆಂದು ಬಾಯಲ್ಲೇ ಲೆಕ್ಕ ಹಾಕಿದ್ದು, ಇವೆಲ್ಲ ಕೆಲಸವೇ. ಇದಕ್ಕೊಂದು ಹುದ್ದೆಯ ಹೆಸರಿಲ್ಲ, ಅಷ್ಟೆ. ಹೆಸರಿಲ್ಲದ ಕೆಲಸ ಸುದ್ದಿಯಾಗುವುದಿಲ್ಲ.

ಈ ಮಾತಿಗೆ ನನಗೆ ಸದಾ ನೆನಪಾಗುವವರು ಸೂಲಗಿತ್ತಿ ನರಸಮ್ಮ. ನಮ್ಮ ಜಿಲ್ಲೆಯವರಲ್ಲ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಪಾವಗಡವೆಂದರೆ ನಮ್ಮಂಥದೇ ಮಳೆ ಕಾಣದ ಸೀಮೆ. ಈಗ ಅಲ್ಲಿ ಬಿಸಿಲಿನಿಂದ ಕರೆಂಟು ತೆಗೆಯುತ್ತಾರೆ, ನಮ್ಮ ಕೂಡಗಿಯಲ್ಲಿ ಕಲ್ಲಿದ್ದಲು ಸುಟ್ಟು ತೆಗೆಯುತ್ತಾರೆ. ಎರಡೂ ಕಡೆ ಬೆಳಕು ಮಾತ್ರ ಬೇರೆ ಊರಿಗೆ ಹೋಗುವುದೇ ಹೆಚ್ಚು. ಇರಲಿ, ಅದು ಬೇರೆ ಮಾತು.

ನರಸಮ್ಮ ಹುಟ್ಟಿದ್ದು 1920ರಲ್ಲಿ. ಮನೆಮಾತು ತೆಲುಗು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. 12ನೇ ವಯಸ್ಸಿಗೆ ಮದುವೆ. ಹೆರಿಗೆ ಮಾಡಿಸುವುದನ್ನು ಕಲಿತದ್ದು ಸ್ವಂತ ಅಜ್ಜಿಯಿಂದ. ಊರಿಗೆ ಬಂದು ಬೀಡು ಬಿಡುತ್ತಿದ್ದ ಅಲೆಮಾರಿಗಳ ಆರೈಕೆ ಮಾಡುತ್ತ, ಅವರಿಂದಲೇ ಬಸುರಿಯರಿಗೆ ಕೊಡುವ ನಾರುಬೇರಿನ ಔಷಧ ಕಲಿತರು. 1940ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಮೊದಲ ಹೆರಿಗೆಗೆ ಕೈ ಹಚ್ಚಿದರು. ಅಲ್ಲಿಂದ ಸುಮಾರು ಏಳು ದಶಕ. ಒಟ್ಟು 15 ಸಾವಿರಕ್ಕೂ ಹೆಚ್ಚು ಹೆರಿಗೆ. ಇದಕ್ಕೆ ಹಣ ಕೇಳಿದವರಲ್ಲ.

15 ಸಾವಿರ ಎಂದು ಓದಿ ಮುಂದೆ ಹೋಗಬೇಡಿ, ಒಂದು ಕ್ಷಣ ಲೆಕ್ಕ ಹಾಕಿ. ಎಪ್ಪತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಇನ್ನೂರಕ್ಕೂ ಮಿಕ್ಕಿ. ವಾರಕ್ಕೆ ನಾಲ್ಕು. ಅಂದರೆ ಎರಡು ದಿನಕ್ಕೊಮ್ಮೆಯಾದರೂ ಯಾರೋ ಬಂದು ಬಾಗಿಲು ಬಡಿದಿದ್ದಾರೆ. ನಡುರಾತ್ರಿಯೋ, ಬಿತ್ತುವ ದಿನವೋ, ಸ್ವಂತ ಮಗುವಿಗೆ ಜ್ವರ ಬಂದ ದಿನವೋ. ಹೆರಿಗೆಗೆ ರಜೆ ಇಲ್ಲ, ರವಿವಾರ ಇಲ್ಲ. ಒಲೆಯ ಮೇಲೆ ಇಟ್ಟ ಎಸರು ಹಾಗೇ ಬಿಟ್ಟು ಹೋಗಬೇಕು. ಆ ಮನೆಯಲ್ಲಿ ಅಡುಗೆ ಯಾರು ಮುಗಿಸಿದರು? ಸಣ್ಣ ಮಕ್ಕಳನ್ನು ಯಾರು ನೋಡಿಕೊಂಡರು? ಪ್ರಶಸ್ತಿಯ ಬಿನ್ನವತ್ತಳೆಯಲ್ಲಿ ಇಂಥದ್ದು ಬರುವುದಿಲ್ಲ. ಆದರೆ ಒಬ್ಬ ಹೆಣ್ಣುಮಗಳು ಊರಿಗೆ ದುಡಿದಳು ಎಂದರೆ ಅವಳ ಮನೆಯ ಒಳಗೂ ಅಷ್ಟೇ ದುಡಿಮೆ ನಡೆದಿರುತ್ತದೆ. ನಮ್ಮ ಓದುಗರಲ್ಲಿ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳುವುದು ಬೇಕಿಲ್ಲ.

ನರಸಮ್ಮ ಸ್ವತಃ 12 ಮಕ್ಕಳನ್ನು ಹೆತ್ತರು. ಅವರಲ್ಲಿ ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಸಾವಿರಾರು ಮನೆಯ ಕೂಸುಗಳನ್ನು ಬದುಕಿಸಿ ಕೈಗೆ ಕೊಟ್ಟವರ ಮಡಿಲಿನಿಂದ ನಾಲ್ಕು ಮಕ್ಕಳು ಹೋದವು. ಆ ಕಾಲದಲ್ಲಿ ಅದು ವಿಶೇಷವೂ ಅಲ್ಲ. ನಿಮ್ಮ ಮನೆಯ ಆಯಿಯನ್ನು ‘ಎಷ್ಟು ಮಕ್ಕಳು’ ಎಂದು ಕೇಳಿ. ಬದುಕಿದವರ ಲೆಕ್ಕ ಹೇಳುತ್ತಾಳೆ. ‘ಎಷ್ಟು ಹಡೆದಿ’ ಎಂದು ಕೇಳಿ. ಲೆಕ್ಕ ಬೇರೆ ಬರುತ್ತದೆ.

ಈಗ ಇನ್ನೆರಡು ವರ್ಷಗಳನ್ನು ಅಕ್ಕಪಕ್ಕ ಇಡುತ್ತೇನೆ. ಮೊದಲ ಹೆರಿಗೆ 1940. ರಾಜ್ಯ ಸರ್ಕಾರದ ದೇವರಾಜ ಅರಸು ಪ್ರಶಸ್ತಿ ಬಂದದ್ದು 2012. ನಡುವೆ 72 ವರ್ಷ. ಆಮೇಲೆ ಮಾತ್ರ ಸರಸರ ಬಂದವು: 2013ರಲ್ಲಿ ಕಿತ್ತೂರು ರಾಣಿ ಚನ್ನಮ್ಮ ಪ್ರಶಸ್ತಿ, ರಾಜ್ಯೋತ್ಸವ ಪ್ರಶಸ್ತಿ, 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ. ಅದೇ ವರ್ಷದ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. 98 ವರ್ಷವಾಗಿತ್ತು. ಮರುದಿನ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು, ಬರಲೇಬೇಕಿತ್ತು.

ಆದರೆ ಒಂದು ಯೋಚನೆ ಮಾಡಿ. ನರಸಮ್ಮ 2010ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರೆ? ಆ ಹೊತ್ತಿಗೂ ಅವರ ಜೀವನದ ಕೆಲಸ ಬಹುಪಾಲು ಮುಗಿದಿತ್ತು. ಆಗ ಅವರಿಗೂ ಸಿಗುತ್ತಿದ್ದದ್ದು ಅದೇ ಸಾಲು, ಅದೇ ಅಪಾರ ಬಂಧು ಬಳಗ. ಅವರನ್ನು ನಾವು ಬಲ್ಲೆವು ಎಂದರೆ ಅದಕ್ಕೆ ಅರ್ಧ ಕಾರಣ ಅವರ ಗಟ್ಟಿ ಆಯುಷ್ಯ. ಕೆಲಸಕ್ಕೆ ಮನ್ನಣೆ ಸಿಗುವವರೆಗೂ ಬದುಕಿದ್ದರು. ಅಷ್ಟು ಬದುಕದ ಸೂಲಗಿತ್ತಿಯರು ಪ್ರತಿ ಹೋಬಳಿಯಲ್ಲೂ ಇದ್ದರು.

ಇತರರದ್ದೂ ಹೀಗೇ. ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಗೆ ಆಲದ ಸಸಿ ನೆಟ್ಟು, ಗಂಡನ ಜೊತೆ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನಿಗೆ ಪದ್ಮಶ್ರೀ ಬಂದದ್ದು 2019ರಲ್ಲಿ, ನೂರು ದಾಟಿದ ಮೇಲೆ. ರಾಷ್ಟ್ರಪತಿಯ ತಲೆ ಮುಟ್ಟಿ ಹರಸಿದ ಆ ಚಿತ್ರ ನಿಮ್ಮಲ್ಲಿ ಹಲವರ ಫೋನಿನಲ್ಲಿ ಇರಬಹುದು. ಕಳೆದುಕೊಂಡದ್ದು 2025ರ ನವೆಂಬರ್ 14ರಂದು. ಅಂಕೋಲೆಯ ಬಡಿಗೇರಿಯಲ್ಲಿ ಹಾಲಕ್ಕಿಗಳ ಹಾಡು ಕಾಪಾಡಿ, ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿದ ಸುಕ್ರಿ ಬೊಮ್ಮಗೌಡ ಹೋದದ್ದೂ ಅದೇ ವರ್ಷದ ಫೆಬ್ರುವರಿಯಲ್ಲಿ. ನಮಗೆ ಹತ್ತಿರದ ಕೊಪ್ಪಳದ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಿಕ್ಕಾಗ ವಯಸ್ಸು ತೊಂಬತ್ತರ ಮೇಲೆ. ದಿಲ್ಲಿ ಕರೆದ ಮೇಲೆಯೇ ನಾವು ಅವರ ಊರಿನ ದಾರಿ ಹುಡುಕುವುದು.

ಇಲ್ಲಿ ಒಂದು ಎಚ್ಚರದ ಮಾತು ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಸೂಲಗಿತ್ತಿಯನ್ನು ಹೊಗಳುವ ಹುರುಪಿನಲ್ಲಿ ‘ಆಗೆಲ್ಲ ಮನೆಯಲ್ಲೇ ಹೆರಿಗೆ, ಎಲ್ಲ ಸುಸೂತ್ರ’ ಎಂದು ಫೇಸ್‌ಬುಕ್‌ನಲ್ಲಿ ಬರೆಯುವವರಿದ್ದಾರೆ. ಅದು ಸುಳ್ಳು. ಆಗ ಸತ್ತ ತಾಯಂದಿರ ಲೆಕ್ಕ ಇಟ್ಟವರಿರಲಿಲ್ಲ, ಅದಕ್ಕೇ ಹಾಗೆ ಕಾಣುತ್ತದೆ. 2019–21ರ ಅಂಕಿಯಂತೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 63 ತಾಯಂದಿರು ಸಾಯುತ್ತಿದ್ದಾರೆ, ದೇಶದಲ್ಲಿ 93. ಇದು ಇಷ್ಟು ಇಳಿಯಲು ದೊಡ್ಡ ಕಾರಣ ಆಸ್ಪತ್ರೆ, 108 ಆಂಬುಲೆನ್ಸ್ ಮತ್ತು ಆಶಾ ಕಾರ್ಯಕರ್ತೆಯರು. ರಾಜ್ಯದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ನಿಮ್ಮ ಮನೆಯ ಬಸುರಿಯನ್ನು ಆಸ್ಪತ್ರೆಗೇ ಕರೆದೊಯ್ಯಿರಿ. ಆಸ್ಪತ್ರೆ ಮೂವತ್ತು ಮೈಲು ದೂರವಿದ್ದ, ಎತ್ತಿನ ಬಂಡಿಯೇ ಗತಿಯಾಗಿದ್ದ ಕಾಲದಲ್ಲಿ ಆ ಜಾಗ ತುಂಬಿದವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಆ ಜಾಗ ತುಂಬಿದವರಿಗೆ ಸಿಕ್ಕಿದ್ದು ಒಂದು ಕುಬುಸ, ಒಂದಿಷ್ಟು ಜೋಳ, ಹೆಚ್ಚೆಂದರೆ ಒಂದು ಸೀರೆ. ಇನ್ನೊಂದು ಕಹಿ ಮಾತನ್ನೂ ಮುಚ್ಚಿಡಬಾರದು. ಹಳ್ಳಿಗಳಲ್ಲಿ ಸೂಲಗಿತ್ತಿಯರಲ್ಲಿ ಬಹಳ ಮಂದಿ ಕೆಳಜಾತಿಯವರೆನಿಸಿಕೊಂಡವರು. ನಡುರಾತ್ರಿ ಒಳಮನೆಗೆ ಕರೆದು ಕೂಸನ್ನು ಅವರ ಕೈಗೆ ಕೊಡುತ್ತಿದ್ದರು. ಶುದ್ಧಿಯಾದ ಮೇಲೆ ಅದೇ ಕೈ ಕಟ್ಟೆಯ ಆಚೆ ನಿಲ್ಲಬೇಕಿತ್ತು. ಕೂಸು ಮೊದಲು ಮುಟ್ಟಿದ ಕೈಯನ್ನು ಮನೆ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ‘ಸೇವೆ’ ಎಂಬ ಮಾತು ಕೇಳಲು ಇಂಪು. ಕೂಲಿ ಕೊಡದ ಕೆಲಸವನ್ನೂ, ಮರ್ಯಾದೆ ಕೊಡದ ಕೆಲಸವನ್ನೂ ಆ ಒಂದೇ ಮಾತು ಮುಚ್ಚಿಬಿಡುತ್ತದೆ. ಅದಕ್ಕೆ ನನಗೆ ‘ನಿಸ್ವಾರ್ಥ ಸೇವೆ’ ಎಂದು ಬರೆಯಲು ಮನಸ್ಸಾಗುವುದಿಲ್ಲ. ಕೆಲಸ ಎಂದೇ ಬರೆಯೋಣ.

ಬಾಗೇವಾಡಿಯ ನೆಲದಲ್ಲಿ ನಿಂತು ಇದನ್ನು ಹೇಳಲು ನನಗೆ ಇನ್ನೊಂದು ಕಾರಣವಿದೆ. ನಮ್ಮದು ಬಸವಣ್ಣ ಹುಟ್ಟಿದ ಊರು. ಕಾಯಕಕ್ಕೆ ಮೇಲುಕೀಳಿಲ್ಲ ಎಂದ ಮಾತು ಹುಟ್ಟಿದ ಸೀಮೆ ಎಂದು ಭಾಷಣದಲ್ಲಿ ಕೇಳಿ ಕೇಳಿ ಬೆಳೆದವರು ನಾವು. ಅಕ್ಕನಾಗಮ್ಮನನ್ನು ನಾವು ಪರಿಚಯಿಸುವುದು ಹೇಗೆ? ಬಸವಣ್ಣನ ಅಕ್ಕ, ಚೆನ್ನಬಸವಣ್ಣನ ತಾಯಿ. ಆಕೆ ಸ್ವತಃ ವಚನಕಾರ್ತಿ. ಕಲ್ಯಾಣದ ಗದ್ದಲದ ನಂತರ ಶರಣರ ತಂಡದೊಂದಿಗೆ ಉಳವಿಯ ಕಡೆ ನಡೆದು, ವಚನಗಳ ಕಟ್ಟುಗಳನ್ನು ಕಾಪಾಡಿದವರಲ್ಲಿ ಆಕೆ ಮುಂದಿದ್ದಳೆಂದು ಶರಣ ಪರಂಪರೆ ನಂಬುತ್ತದೆ. ಆಕೆಯ ಸಮಾಧಿ ತರೀಕೆರೆ ಬಳಿಯ ಎಣ್ಣೆಹೊಳೆಯಲ್ಲಿದೆ ಎನ್ನುತ್ತಾರೆ. ಇಲ್ಲಿಂದ ಅಲ್ಲಿಗೆ ಎಷ್ಟು ದೂರ ನೋಡಿ. ಅಷ್ಟು ದೂರ ನಡೆದವಳಿಗೂ ಮೊದಲ ಸಾಲಿನಲ್ಲಿ ತಮ್ಮ, ಎರಡನೇ ಸಾಲಿನಲ್ಲಿ ಮಗ. ಎಂಟುನೂರು ವರ್ಷದ ಹಿಂದಿನ ರೂಢಿಯೇ ಇವತ್ತಿನ ವಾಟ್ಸ್‌ಆ್ಯಪ್ ಸಂದೇಶಕ್ಕೂ ಬಂದಿದೆ.

ಕಾಗದದ ಮೇಲೆ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿದೆ, ಅದನ್ನೂ ಹೇಳಬೇಕು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಣ್ಣುಮಗಳೇ ಕುಟುಂಬದ ಯಜಮಾನಿ. ಬಹಳ ಮನೆಗಳಲ್ಲಿ ಇದು ಗೊತ್ತಾದದ್ದೇ 2023ರಲ್ಲಿ, ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರತೊಡಗಿದಾಗ. ಅತ್ತೆಗೋ ಸೊಸೆಗೋ ಎಂದು ಜಗಳವಾದ ಮನೆಗಳೂ ಉಂಟು. ಆದರೆ ಹೊಲದ ಉತಾರ ತೆಗೆದು ನೋಡಿ. ಅರವತ್ತು ವರ್ಷ ಆ ಹೊಲದಲ್ಲಿ ಕಳೆ ತೆಗೆದ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿದ ಯಜಮಾನಿಯ ಹೆಸರು ಅಲ್ಲಿ ಎಷ್ಟು ಮನೆಗಳಲ್ಲಿ ಇದೆ? ಗಂಡ ತೀರಿದ ಮೇಲೆ ವಾರಸಾ ಮಾಡುವಾಗ ಹೆಬ್ಬೆಟ್ಟು ಹಾಕಿಸಿಕೊಂಡು ಮಕ್ಕಳ ಹೆಸರಿಗೆ ಮಾಡಿಸಿದವರೇ ಹೆಚ್ಚು. ಅಕ್ಕಿಗೆ ಯಜಮಾನಿ, ಎಕರೆಗೆ ಅಲ್ಲ.

2024ರಲ್ಲಿ ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕಿನ ಅಜ್ಜಿಯೊಬ್ಬರು ಗೃಹಲಕ್ಷ್ಮಿ ಹಣ ಕೂಡಿಟ್ಟು ಊರ ಮಂದಿಗೆ ಹೋಳಿಗೆ ಊಟ ಹಾಕಿಸಿದ ಸುದ್ದಿ ಎಲ್ಲೆಡೆ ಓಡಾಡಿತು. ಖುಷಿಯ ಸುದ್ದಿಯೇ. ನಾನು ಓದಿದ ವರದಿಗಳಲ್ಲಿ ಮಾತ್ರ ಯೋಜನೆಯ ಮಾತೇ ಹೆಚ್ಚಾಗಿತ್ತು. ಕೈಗೆ ಮೊದಲ ಸಲ ನಾಲ್ಕು ಕಾಸು ಬಂದಾಗ ಊರನ್ನು ಉಣ್ಣಿಸಬೇಕೆಂದು ಅನಿಸಿದವರು, ಕಾಸು ಇಲ್ಲದಾಗ ಊರಿಗೆ ಏನೇನು ಮಾಡಿರಬಹುದು? ನಾನಾಗಿದ್ದರೆ ಆ ಪ್ರಶ್ನೆಯಿಂದ ಸುದ್ದಿ ಶುರು ಮಾಡುತ್ತಿದ್ದೆ.

ಇದರಲ್ಲಿ ಅವಸರವೂ ಇದೆ. ಈಗ ತೊಂಬತ್ತರ ಆಸುಪಾಸಿನಲ್ಲಿರುವ ನಮ್ಮ ಆಯಂದಿರು 1948ರಲ್ಲಿ ಹನ್ನೆರಡು ಹದಿಮೂರರ ಹುಡುಗಿಯರು. ರಜಾಕಾರರ ಹಾವಳಿಗೆ ಹೆದರಿ ನಿಜಾಮನ ಸೀಮೆಯಿಂದ ಗಡಿ ದಾಟಿ ಬಂದವರಿಗೆ ನಮ್ಮ ಕಡೆಯ ಯಾವ ಮನೆಗಳು ರೊಟ್ಟಿ ಕೊಟ್ಟವು ಎಂಬುದನ್ನು ಕಣ್ಣಾರೆ ಕಂಡ ಕೊನೆಯ ಮಂದಿ ಇವರು. ಎಪ್ಪತ್ತೆರಡರ ಬರದಲ್ಲಿ ಇವರು ಮೂವತ್ತೈದು, ನಲವತ್ತರ ಗೃಹಿಣಿಯರು. ಯಾರು ಗುಳೆ ಹೋದರು, ಯಾರು ಕಲ್ಲು ಒಡೆದರು, ಯಾರ ಮಕ್ಕಳನ್ನು ಯಾರು ಸಾಕಿದರು ಎಲ್ಲ ಇವರಿಗೆ ಗೊತ್ತು. ಕಚೇರಿಯಲ್ಲಿ ಬರದ ಫೈಲು ಇರಬಹುದು, ಆದರೆ ಯಾರ ಹಗೇವು ಯಾರಿಗೆ ತೆರೆಯಿತು ಎಂಬುದು ಫೈಲಿನಲ್ಲಿ ಇರುವುದಿಲ್ಲ.

ಆಲಮಟ್ಟಿಯ ಹಿನ್ನೀರಿನ ಕಡೆ ಇದು ಇನ್ನೂ ತುರ್ತು. 1964ರಲ್ಲಿ ಅಡಿಗಲ್ಲು ಹಾಕಿದ ಅಣೆಕಟ್ಟಿನ ನೀರು ಏರುತ್ತ ಹೋದಂತೆ ಹಳೆಯ ಕೊಲ್ಹಾರದಂಥ ಊರುಗಳೇ ಎದ್ದು ಬೇರೆ ಕಡೆ ಹೋದವು. ಹೊಸ ಊರಿಗೆ ಓಣಿ ಬಂತು, ಶಾಲೆ ಬಂತು. ಹಳೆಯ ಊರಿನಲ್ಲಿ ಯಾರ ಮನೆ ಎಲ್ಲಿತ್ತು, ಯಾವ ಬಾವಿಯ ನೀರು ಸಿಹಿ, ಯಾವ ಗಿಡದ ಕೆಳಗೆ ಯಾವ ದೇವರು ಎಂಬುದು ಹಿರಿಯ ಹೆಣ್ಣುಮಕ್ಕಳ ತಲೆಯಲ್ಲಿ ಮಾತ್ರ ಉಳಿಯಿತು. ಈಗ ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ನಡೆದಿದೆ. ಏರಿದರೆ ಮತ್ತಷ್ಟು ಊರು, ಹೊಲ ನೀರಿಗೆ. ಎಕರೆಗೆ ಎಷ್ಟು ಪರಿಹಾರ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಇರಲೇಬೇಕು. ಜೊತೆಗೆ ಆ ಊರುಗಳ ಹಿರಿಯ ಆಯಂದಿರನ್ನು ಕೂಡಿಸಿಕೊಂಡು ಊರಿನ ಕತೆ ರೆಕಾರ್ಡ್ ಮಾಡಿಸಲು ಒಬ್ಬ ಪಿಡಿಒ, ಒಬ್ಬ ಮೇಷ್ಟ್ರು, ನಾಲ್ಕು ಹುಡುಗಿಯರು ಸಾಕು. ಹಣವೂ ಬೇಡ.

ನೀವೂ ಮಾಡಬಹುದು. ಈ ಬರಹ ಓದುತ್ತಿರುವ ಫೋನಿನಲ್ಲೇ ರೆಕಾರ್ಡರ್ ಇದೆ. ನನ್ನ ವೃತ್ತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ: ‘ಆಯಿ, ನಿನ್ನ ಜೀವನದ ಬಗ್ಗೆ ಹೇಳು’ ಎಂದರೆ ಏನೂ ಬರುವುದಿಲ್ಲ. ‘ನಂದೇನೈತೋ ತಮ್ಮಾ ಹೇಳೂದು, ದುಡದೆ, ಉಂಡೆ’ ಎಂದು ಎರಡು ಮಾತಿನಲ್ಲಿ ಮುಗಿಸುತ್ತಾಳೆ. ವಸ್ತುವನ್ನು ಹಿಡಿದು ಕೇಳಬೇಕು. ಈ ಬೀಸುಕಲ್ಲು ಯಾವ ಊರಿನಿಂದ ಬಂತು, ಯಾರು ಹೊತ್ತು ತಂದರು? ನಮ್ಮ ಅಪ್ಪನ ಹೊಕ್ಕಳಬಳ್ಳಿ ಕೊಯ್ದವರು ಯಾರು? ನಮ್ಮ ಮನೆಯ ಬಾಣಂತಿಗೆ ಅಂಟಿನುಂಡಿ ಮಾಡಿಕೊಟ್ಟವರು ಯಾರು? ಈ ಪ್ರಶ್ನೆಗಳಿಗೆ ತಾಸುಗಟ್ಟಲೆ ಉತ್ತರ ಸಿಗುತ್ತದೆ. ಮಗನನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ. ತಾಯಿ ಬಾಯಿ ತೆರೆಯುವ ಮೊದಲೇ ‘ಆಕಿಗೇನ್ ಗೊತ್ತಾಗ್ತದ್ರಿ, ನಾ ಹೇಳ್ತೀನಿ’ ಎನ್ನುವ ಗಂಡುಮಕ್ಕಳು ಪ್ರತಿ ಮನೆಯಲ್ಲೂ ಇದ್ದಾರೆ. ವಯಸ್ಸು ಕೇಳುವುದಿದ್ದರೆ ಆಧಾರ್ ನೋಡಬೇಡಿ. ಅಲ್ಲಿ ಅರ್ಧ ಊರು ಹುಟ್ಟಿದ್ದು ಜನವರಿ 1ರಂದು. ‘ದೊಡ್ಡ ಬರ ಬಿದ್ದಾಗ ನಿನಗೆ ಎಷ್ಟು ಮಕ್ಕಳಿದ್ದವು’ ಎಂದು ಕೇಳಿ, ಲೆಕ್ಕ ತಾನೇ ಸಿಗುತ್ತದೆ.

ಎಲ್ಲವೂ ಒಳ್ಳೆಯದೇ ಬರುತ್ತದೆ ಎಂದುಕೊಳ್ಳಬೇಡಿ. ಸೊಸೆಯನ್ನು ಗೋಳು ಹೊಯ್ದುಕೊಂಡದ್ದು, ಹೆಣ್ಣು ಹುಟ್ಟಿತೆಂದು ಮುಖ ತಿರುಗಿಸಿದ್ದು, ಯಾರನ್ನೋ ಕಟ್ಟೆ ಹತ್ತಗೊಡದಿದ್ದದ್ದು, ಅವೂ ಬರುತ್ತವೆ. ಅಳಿಸಬೇಡಿ. ದೇವರ ಕೋಣೆಯ ಫೋಟೋಕ್ಕೆ ಹಾರ ಹಾಕಿದರೆ ಆಕೆ ಅಜ್ಜಿಯಾಗಿ ಉಳಿಯುತ್ತಾಳೆ, ಮನುಷ್ಯಳಾಗಿ ಉಳಿಯುವುದು ಹೀಗೆ ಕೇಳಿಕೊಂಡಾಗ.

ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. ಹಲವು ಕಡೆ ಕಂಪ್ಯೂಟರ್ ಕೂಡ ಬಂದಿವೆ. ಅಲ್ಲಿ ಊರಿನ ಹಿರಿಯ ಹೆಣ್ಣುಮಕ್ಕಳ ದನಿಗೊಂದು ಫೋಲ್ಡರ್ ತೆರೆಯಲು ಯಾವ ಇಲಾಖೆಯ ಆದೇಶವೂ ಬೇಕಾಗಿಲ್ಲ. ಹೈಸ್ಕೂಲಿನ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಆ ಕೆಲಸ ಕೊಟ್ಟರೆ ತಿಂಗಳಲ್ಲಿ ಒಂದು ಊರು ಮುಗಿಯುತ್ತದೆ.

ಇನ್ನು ನಿಧನ ವಾರ್ತೆ. ಪತ್ರಿಕೆಯಲ್ಲಿ ಜಾಗ ಕಡಿಮೆ, ನಲವತ್ತು ಪದ ದಾಟುವಂತಿಲ್ಲ. ಒಪ್ಪಿದೆ. ಹಾಗಾದರೆ ಮೊಮ್ಮಗನ ಹುದ್ದೆ ಬಿಟ್ಟುಬಿಡಿ, ಆತನಿಗೆ ಇನ್ನೂ ಅವಕಾಶವಿದೆ. ಆ ಜಾಗದಲ್ಲಿ ‘ಊರಿನ ಇಷ್ಟು ಹೆರಿಗೆ ಮಾಡಿಸಿದ್ದರು’ ಎಂದೋ, ‘ಬರದ ವರ್ಷ ಇಂಥ ಓಣಿಗೆ ಜೋಳ ಕೊಟ್ಟಿದ್ದರು’ ಎಂದೋ, ‘ಸೋಬಾನ ಪದ ನೂರಾರು ಬಲ್ಲವರಾಗಿದ್ದರು’ ಎಂದೋ ಬರೆದು ಕಳಿಸಿ. ಸಂಜೆ ಆರರೊಳಗೆ ಬಂದರೆ ಮರುದಿನದ ಪುಟಕ್ಕೆ ಸೇರುತ್ತದೆ.